ಮೊರದ ಲೆಕ್ಕ: ಮೇಲ್ಮೈ ಅಲೆಗಳ ಫಿಲ್ಟರ್ ಮತ್ತು ಅದರ ಗಣಿತ ಮಾದರಿಗಳು



ಇವತ್ತಿನ ವಿಷಯದ ಹೆಸರು ಉದ್ದ, ವಸ್ತು ಚಿಕ್ಕದು. ಈ ಕ್ಷಣದಲ್ಲಿ ಅದು ನಿಮ್ಮೆಲ್ಲರ ಜೇಬಿನಲ್ಲಿ ಕೆಲಸ ಮಾಡುತ್ತಿದೆ. ಒಂದು ಮೊಬೈಲ್ ಫೋನಿನೊಳಗೆ ಅಂಥವು ಹತ್ತಾರು. ಒಂದೊಂದೂ ಸಾಸಿವೆ ಕಾಳಿನಷ್ಟು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು 'ಸಾ ಫಿಲ್ಟರ್' ಎನ್ನುತ್ತಾರೆ. ಟಿವಿ ರಿಪೇರಿಯವರ ಬಾಯಲ್ಲೂ ಅದೇ ಹೆಸರು. 'ಮೇಲ್ಮೈ ಶ್ರವ್ಯ ತರಂಗ ಶೋಧಕ' ಎಂದು ಕನ್ನಡ ಮಾಡಬಹುದು. ಆದರೆ 'ಶ್ರವ್ಯ' ಎಂಬ ಮಾತು ಇಲ್ಲಿ ದಾರಿ ತಪ್ಪಿಸುತ್ತದೆ, ಯಾಕೆಂದರೆ ಈ ಅಲೆಗಳನ್ನು ಯಾರ ಕಿವಿಯೂ ಕೇಳಲಾರದು. ಮೇಲ್ಮೈ ಅಲೆ ಎಂದಷ್ಟೇ ನಾನು ಹೇಳುತ್ತೇನೆ.

ಫಿಲ್ಟರ್ ಎಂದೊಡನೆ ನಮಗೆ ನೆನಪಾಗುವುದು ಕಾಫಿ ಫಿಲ್ಟರ್, ಇಲ್ಲವೆ ಜರಡಿ. ಜರಡಿ ಗಾತ್ರ ನೋಡಿ ಬೇರ್ಪಡಿಸುತ್ತದೆ. ರೇಡಿಯೊ ಸಂಕೇತಗಳಲ್ಲಿ ದಪ್ಪ ಸಣ್ಣ ಎಂಬುದಿಲ್ಲ. ಒಂದು ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಎಂಬ ಆವೃತ್ತಿಯೊಂದೇ ಅವುಗಳ ಗುರುತು. ಮೊರ ಹಿಡಿದು ಕೇರುವವರನ್ನು ನೆನೆಸಿಕೊಳ್ಳಿ. ಮೊರಕ್ಕೆ ತೂತಿಲ್ಲ. ಕೈಯ ಲಯವೇ ಅಲ್ಲಿ ಕೆಲಸ ಮಾಡುವುದು. ಆ ಲಯ ಹಿಡಿದಾಗ ಕಾಳು ಹಿಂದಕ್ಕೆ ಕೂಡುತ್ತದೆ, ಹೊಟ್ಟು ಮುಂದಕ್ಕೆ ಜಾರಿ ಬೀಳುತ್ತದೆ. ಹೋಲಿಕೆಯನ್ನು ಬಹಳ ಎಳೆಯಲಾರೆ, ಆದರೂ ನಮ್ಮ ಫಿಲ್ಟರ್ ಜರಡಿಯ ಜಾತಿಗೆ ಸೇರಿದ್ದಲ್ಲ ಎಂಬುದು ಮನಸ್ಸಿನಲ್ಲಿದ್ದರೆ ಮುಂದಿನ ಮಾತು ಸುಲಭವಾಗುತ್ತದೆ.

ಗಣಿತ ಮಾದರಿ ಎಂದರೆ ವಸ್ತುವಿನ ಪಡಿಯಚ್ಚು ಎಂದು ತಿಳಿದವರೇ ಹೆಚ್ಚು. ಈ ಫಿಲ್ಟರಿನ ಆರು ದಶಕಗಳ ಚರಿತ್ರೆಯನ್ನು ನೋಡಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ. ಪ್ರತಿಯೊಂದು ಮಾದರಿಯೂ ಒಂದು ಕರಾರುಪತ್ರ: ಇಷ್ಟನ್ನು ಲೆಕ್ಕಕ್ಕೆ ಹಿಡಿಯುತ್ತೇನೆ, ಇಷ್ಟನ್ನು ಕೈಬಿಡುತ್ತೇನೆ. ಕೈಬಿಟ್ಟದ್ದು ಯಾವತ್ತು ದುಬಾರಿಯಾಯಿತೋ ಅವತ್ತು ಹೊಸ ಮಾದರಿ ಹುಟ್ಟಿತು. ಇವತ್ತು ನಾನು ಹೇಳಹೊರಟಿರುವುದು ಈ ಕೈಬಿಡುವಿಕೆಯ ಚರಿತ್ರೆ.

ಆರಂಭ ಭೂಕಂಪದಲ್ಲಿ. ಘನವಸ್ತುವಿನ ಒಡಲೊಳಗೆ ಎರಡು ಬಗೆಯ ಅಲೆಗಳು ಓಡುತ್ತವೆ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲೇ ಗೊತ್ತಿತ್ತು: ಒತ್ತಿ ಸಡಿಲಿಸುತ್ತ ಮುಂದೆ ಹೋಗುವುದು ಒಂದು, ಅಡ್ಡಕ್ಕೆ ಜಾರಿಸುತ್ತ ಹೋಗುವುದು ಇನ್ನೊಂದು. 1885ರಲ್ಲಿ ಲಾರ್ಡ್ ರೇಲೀ ಮೂರನೆಯದನ್ನು ಗಣಿತದಿಂದ ಕಂಡುಹಿಡಿದರು. ಅದು ಮೇಲ್ಮೈಗೆ ಅಂಟಿಕೊಂಡು ಹೋಗುವ ಅಲೆ. ಆಳಕ್ಕಿಳಿದಂತೆ ಬೇಗ ಕ್ಷೀಣಿಸುತ್ತದೆ. ಒಂದೆರಡು ತರಂಗದೂರದಷ್ಟು ಕೆಳಗೆ ಹೋದರೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಅದರ ವೇಗ ಜಾರುವ ಅಲೆಯ ವೇಗಕ್ಕಿಂತ ತುಸು ಕಡಿಮೆ. ಸಾಮಾನ್ಯ ಬಂಡೆಯಲ್ಲಿ ಸುಮಾರು 0.92ರಷ್ಟು. ಮೇಲ್ಮೈಯಲ್ಲಿರುವ ಒಂದೊಂದು ಕಣವೂ ಮೊಟ್ಟೆಯಾಕಾರದ ಸುತ್ತು ಹಾಕುತ್ತದೆ. ಒಡಲಿನ ಅಲೆ ಮೂರೂ ದಿಕ್ಕಿಗೆ ಹರಡಿ ತೆಳುವಾಗುವಾಗ ಇದು ಮೇಲ್ಮೈಯಲ್ಲಿ ಮಾತ್ರ ಹರಡುವುದರಿಂದ ದೂರದಲ್ಲಿ ಇದರ ಕೈಯೇ ಮೇಲಾಗುತ್ತದೆ, ಭೂಕಂಪದಲ್ಲಿ ಇದರ ಪಾತ್ರ ದೊಡ್ಡದಿರಬಹುದು ಎಂದು ಆ ಲೇಖನದಲ್ಲೇ ರೇಲೀ ಸೂಚಿಸಿದ್ದರು. ಅದನ್ನು ಖಚಿತಪಡಿಸುವ ದಾಖಲೆ ಒದಗಿದ್ದು ನಮ್ಮ ದೇಶದ ಭೂಕಂಪದಿಂದ. 1897ರ ಜೂನ್ 12ರಂದು ಅಸ್ಸಾಂ ನಡುಗಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಓಲ್ಡ್‌ಹ್ಯಾಮ್ ಅದರ ವಿಚಾರವಾಗಿ ಬರೆದ ವರದಿಯಲ್ಲಿ, ದೂರದೇಶಗಳ ಯಂತ್ರಗಳು ಗೀಚಿದ್ದ ಗೆರೆಗಳಲ್ಲಿ ಮೂರು ಬಗೆಯ ಅಲೆಗಳು ಒಂದರ ಹಿಂದೆ ಒಂದು ಬಂದಿರುವುದನ್ನು ಬಿಡಿಸಿ ತೋರಿಸಿದರು. ಕೊನೆಗೆ ಬಂದದ್ದು ಮೇಲ್ಮೈ ಅಲೆ.

ಬೆಂಗಳೂರಿನ ನಮ್ಮ ಬ್ರೂಕ್‌ಫೀಲ್ಡ್ ಬಡಾವಣೆಯಲ್ಲಿ ಕೂತು ಇದನ್ನು ಅನುಭವಿಸಲು ಭೂಕಂಪ ಬೇಕಿಲ್ಲ. ಪಕ್ಕದ ಕುಂದಲಹಳ್ಳಿ ಕಡೆ ಹೊಸದಾಗಿ ಡಾಂಬರು ಹಾಸುವಾಗ ಕಂಪಿಸುವ ರೋಲರ್ ಬರುತ್ತದೆ. ಅದು ಇನ್ನೂ ತಿರುವಿನಾಚೆ ಇರುವಾಗಲೇ ಅಪಾರ್ಟ್‌ಮೆಂಟಿನ ಕಿಟಕಿಯ ಗಾಜು ಚೌಕಟ್ಟಿನಲ್ಲಿ ಗಿರಗುಟ್ಟುತ್ತದೆ, ಲೋಟದ ನೀರಿನಲ್ಲಿ ಉಂಗುರಗಳೇಳುತ್ತವೆ. ನೆಲದ ಮೇಲೆ ನೆಟ್ಟಗೆ ಕುಟ್ಟುವ ಒಂದು ಬಿಲ್ಲೆ ತನ್ನ ಶಕ್ತಿಯನ್ನು ಹೇಗೆ ಹಂಚುತ್ತದೆ ಎಂದು ಮಿಲ್ಲರ್ ಮತ್ತು ಪರ್ಸಿ ಎಂಬಿಬ್ಬರು 1955ರಲ್ಲಿ ಲೆಕ್ಕ ಹಾಕಿದರು. ಮೇಲ್ಮೈ ಅಲೆಗೆ ಸೇಕಡಾ 67, ಜಾರುವ ಅಲೆಗೆ 26, ಒತ್ತುವ ಅಲೆಗೆ ಉಳಿದ 7. ಮೇಲಿಂದ ತಟ್ಟಿದರೆ ಮೂರರಲ್ಲಿ ಎರಡು ಪಾಲು ಮೇಲ್ಮೈಗೇ ಸಲ್ಲುತ್ತದೆ. ಈ ಔದಾರ್ಯವನ್ನು ಸಣ್ಣದೊಂದು ಹರಳಿನ ಮೇಲೆ ಬಳಸಿಕೊಂಡರೆ ಹೇಗೆ ಎಂಬುದೇ ಮುಂದಿನ ಕಥೆ.

ಅದಕ್ಕೆ ಮುಂಚೆ ಗೌರಿಬಿದನೂರಿಗೆ ಹೋಗಿಬರಬೇಕು. ಇಲ್ಲಿಂದ ಸುಮಾರು ಎಂಬತ್ತು ಕಿಲೋಮೀಟರ್. ಮೇಲ್ಮೈ ಅಲೆಗಾದರೆ ಇಪ್ಪತ್ತೈದು ಸೆಕೆಂಡಿನ ದಾರಿ. 1960ರ ದಶಕದ ನಡುವಿನಲ್ಲಿ ಅಣುಶಕ್ತಿ ಇಲಾಖೆ ಅಲ್ಲೊಂದು ಭೂಕಂಪಮಾಪಕಗಳ ಸಾಲನ್ನು ನೆಟ್ಟಿತು. ಎಲ್ ಅಕ್ಷರದ ಆಕಾರದಲ್ಲಿ ಎರಡು ತೋಳು, ಕಿಲೋಮೀಟರುಗಟ್ಟಲೆ ಉದ್ದಕ್ಕೆ ಹೊಲಗಳ ನಡುವೆ ಮಾಪಕಗಳು. ದೂರದೇಶದ ಅಣುಸ್ಫೋಟವನ್ನೂ ಸಹಜ ಭೂಕಂಪವನ್ನೂ ಪ್ರತ್ಯೇಕಿಸಿ ಹೇಳುವುದು ಅದರ ಕೆಲಸಗಳಲ್ಲೊಂದು. ಒಂದೇ ಮಾಪಕವಾದರೆ ಲಾರಿ, ಗಾಳಿ, ಪಂಪ್‌ಸೆಟ್ಟುಗಳ ಗದ್ದಲದಲ್ಲಿ ದೂರದ ಕ್ಷೀಣ ಅಲೆ ಮುಳುಗಿಹೋಗುತ್ತದೆ. ಸಾಲಿನಲ್ಲಿಟ್ಟರೆ ಒಂದು ಉಪಾಯವಿದೆ. ಬರುವ ಅಲೆ ಮೊದಲ ಮಾಪಕವನ್ನು ಮುಟ್ಟಿದ ಎಷ್ಟು ಹೊತ್ತಿಗೆ ಎರಡನೆಯದನ್ನು ಮುಟ್ಟುತ್ತದೆ ಎಂದು ಲೆಕ್ಕ ಹಾಕಿ, ಒಂದೊಂದರ ದಾಖಲೆಯನ್ನೂ ಅಷ್ಟಷ್ಟು ತಡಮಾಡಿ, ಎಲ್ಲವನ್ನೂ ಕೂಡುವುದು. ಬೇಕಾದ ದಿಕ್ಕಿನಿಂದ ಬಂದ ಅಲೆಯ ಹೆಜ್ಜೆಗಳು ಕೂಡಿ ದೊಡ್ಡದಾಗುತ್ತವೆ. ಗದ್ದಲ ಒಂದರ ಮೇಲೊಂದು ಬಿದ್ದು ಅಳಿಸಿಹೋಗುತ್ತದೆ. ಅದೇ ಊರಿನಲ್ಲಿ 34.5 ಮೆಗಾಹರ್ಟ್ಸ್‌ನ ರೇಡಿಯೊ ದೂರದರ್ಶಕದ ಆಂಟೆನಾ ಸಾಲೂ ಆಕಾಶದ ಸಂಕೇತಗಳಿಗೆ ಮಾಡಿದ್ದು ಇದನ್ನೇ. ತಡಮಾಡು, ತೂಕ ಕೊಡು, ಕೂಡು. ಬೇರೆ ಮಂತ್ರವಿಲ್ಲ.

1965ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವೈಟ್ ಮತ್ತು ವೋಲ್ಟ್‌ಮರ್ ಅದೇ ಏರ್ಪಾಟನ್ನು ಬೆಣಚುಕಲ್ಲಿನ ಹರಳಿನ ಮೇಲೆ ಮಾಡಿದರು. ಹಾಗೆಂದು ಅವರೇನೂ ಗೌರಿಬಿದನೂರಿನ ಮಾತು ಕೇಳಿದವರಲ್ಲ. ಒತ್ತಿದರೆ ವಿದ್ಯುತ್ತು ಹುಟ್ಟಿಸುವ ಹರಳುಗಳನ್ನು ಕ್ಯೂರಿ ಸೋದರರು 1880ರಲ್ಲಿ ಗುರುತಿಸಿದ್ದರು. ವಿದ್ಯುತ್ತು ಕೊಟ್ಟರೆ ಅವು ಹಿಗ್ಗಿ ಕುಗ್ಗುತ್ತವೆಂದು ಮರುವರ್ಷ ಲಿಪ್‌ಮನ್ ಗಣಿತದಿಂದ ಹೇಳಿದರು. ವೈಟ್ ಮತ್ತು ವೋಲ್ಟ್‌ಮರ್ ಅಂಥ ಹರಳಿನ ನುಣುಪು ಮೈಮೇಲೆ ಲೋಹದ ಎರಡು ಬಾಚಣಿಗೆಗಳನ್ನು ಹಲ್ಲಿನ ನಡುವೆ ಹಲ್ಲು ಬರುವಂತೆ ಎದುರುಬದುರು ಮೂಡಿಸಿದರು. ಅವುಗಳಿಗೆ ಪರ್ಯಾಯ ವಿದ್ಯುತ್ತು ಕೊಟ್ಟಾಗ ಹಲ್ಲುಗಳ ನಡುವಿನ ಹರಳು ಹಿಗ್ಗಿ ಕುಗ್ಗಿ ಮೇಲ್ಮೈ ಅಲೆ ಹೊರಡುತ್ತದೆ. ಸ್ವಲ್ಪ ಆಚೆಗೆ ಇನ್ನೊಂದು ಜೋಡಿ ಬಾಚಣಿಗೆ ಆ ಅಲೆಯನ್ನು ಹಿಡಿದು ಮತ್ತೆ ವಿದ್ಯುತ್ತಾಗಿಸುತ್ತದೆ. ಹಲ್ಲುಗಳ ಅಂತರ ಅಲೆಯ ತರಂಗದೂರಕ್ಕೆ ಹೊಂದಿದ್ದರೆ ಎಲ್ಲ ಹಲ್ಲುಗಳ ಪಾಲೂ ಒಂದೇ ಹೆಜ್ಜೆಯಲ್ಲಿ ಕೂಡುತ್ತದೆ. ಹೊಂದದ ಆವೃತ್ತಿ ಅಲ್ಲೇ ಅಳಿಯುತ್ತದೆ.

ಈ ಎರಡು ಸಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ನನಗೆ ಬಹಳ ಇಷ್ಟ. ಇಪ್ಪತ್ತು ಸೆಕೆಂಡಿಗೊಮ್ಮೆ ಏರಿಳಿಯುವ ಭೂಕಂಪದ ಮೇಲ್ಮೈ ಅಲೆ ಸೆಕೆಂಡಿಗೆ ಮೂರೂವರೆ ಕಿಲೋಮೀಟರ್ ಓಡುತ್ತದೆ; ಅದರ ತರಂಗದೂರ 70 ಕಿಲೋಮೀಟರ್. ಲಿಥಿಯಂ ನಯೋಬೇಟ್ ಹರಳಿನ ಮೇಲೆ ಅಲೆಯ ವೇಗ ಹೆಚ್ಚುಕಮ್ಮಿ ಅಷ್ಟೇ, ಹರಳನ್ನು ಕೊಯ್ದ ಕೋನಕ್ಕೆ ತಕ್ಕಂತೆ ಸೆಕೆಂಡಿಗೆ ಮೂರೂವರೆಯಿಂದ ನಾಲ್ಕು ಕಿಲೋಮೀಟರ್. ಆದರೆ ಅಲ್ಲಿ ಅದು ಸೆಕೆಂಡಿಗೆ 240 ಕೋಟಿ ಸಲ ಅಲುಗುವುದರಿಂದ ತರಂಗದೂರ 1.7 ಮೈಕ್ರೊಮೀಟರಿಗೆ ಇಳಿದುಬಿಡುತ್ತದೆ. ಅಳತೆಯಲ್ಲಿ ನಾಲ್ಕು ಸಾವಿರ ಕೋಟಿ ಪಟ್ಟು ವ್ಯತ್ಯಾಸ, ಸಮೀಕರಣ ಮಾತ್ರ ಒಂದೇ. ಬೆಳಕಿಗೆ ಹೋಲಿಸಿದರೆ ಈ ಅಲೆ ಬಸವನಹುಳು. ಆ ನಿಧಾನವೇ ಅದರ ಬೆಲೆ. ಒಂದೂವರೆ ಮೈಕ್ರೊಸೆಕೆಂಡ್ ತಡಮಾಡಲು ಬೆಳಕಿನ ವೇಗದ ಸಂಕೇತಕ್ಕೆ 450 ಮೀಟರ್ ದಾರಿ ಬೇಕು. ಹರಳಿನ ಮೇಲೆ ಆರು ಮಿಲಿಮೀಟರ್ ಸಾಕು.

ಇನ್ನು ಮಾದರಿಗಳಿಗೆ ಬರೋಣ. ಮೊದಲ ಪ್ರಶ್ನೆ ಹರಳಿನದು: ಯಾವ ಕೋನದಲ್ಲಿ ಕೊಯ್ದರೆ ಅಲೆ ಎಷ್ಟು ವೇಗವಾಗಿ ಓಡುತ್ತದೆ, ವಿದ್ಯುತ್ತಿಗೆ ಎಷ್ಟು ಬಲವಾಗಿ ಕೂಡಿಕೊಳ್ಳುತ್ತದೆ? ರೇಲೀ ಲೆಕ್ಕ ಹಾಕಿದ್ದು ಎಲ್ಲ ದಿಕ್ಕಿಗೂ ಒಂದೇ ಗುಣವಿರುವ ವಸ್ತುವಿಗೆ. ಹರಳು ಹಾಗಲ್ಲ; ಮರದ ಹಲಗೆಗೆ ಎಳೆ ಇರುವ ಹಾಗೆ ಅದಕ್ಕೂ ದಿಕ್ಕಿದೆ. ಲಿಥಿಯಂ ನಯೋಬೇಟಿನ ಸ್ವಭಾವ ಹೇಳಲು ಹನ್ನೆರಡು ಸಂಖ್ಯೆಗಳು ಬೇಕು: ಗಡಸುತನಕ್ಕೆ ಆರು, ಒತ್ತಡ ಮತ್ತು ವಿದ್ಯುತ್ತಿನ ನಂಟಿಗೆ ನಾಲ್ಕು, ವಿದ್ಯುತ್ ಕ್ಷೇತ್ರಕ್ಕೆ ಎರಡು. ಮೂರು ದಿಕ್ಕಿನ ಚಲನೆ ಮತ್ತು ಒಂದು ವಿದ್ಯುದ್ವಿಭವ ಎಂಬ ನಾಲ್ಕು ಅಜ್ಞಾತಗಳಿಗೆ ನಾಲ್ಕು ಸಮೀಕರಣ ಬರೆದರೆ ಎಂಟನೆಯ ಘಾತದ ಒಂದು ಬಹುಪದೋಕ್ತಿ ಸಿಗುತ್ತದೆ. ಎಂಟು ಮೂಲಗಳಲ್ಲಿ ಆಳಕ್ಕೆ ಹೋದಂತೆ ಕ್ಷೀಣಿಸುವ ನಾಲ್ಕನ್ನು ಆರಿಸಿ, ಅವನ್ನು ಬೆರೆಸಿ, ಮೇಲ್ಮೈಯಲ್ಲಿ ಒತ್ತಡ ಸೊನ್ನೆಯಾಗುವಂತೆ, ವಿದ್ಯುತ್ ಷರತ್ತು ಪಾಲನೆಯಾಗುವಂತೆ ಹೊಂದಿಸಬೇಕು. ವೇಗವನ್ನು ಊಹಿಸುವುದು, ಹೊಂದದಿದ್ದರೆ ಇನ್ನೊಂದು ಊಹಿಸುವುದು. 1968ರಲ್ಲಿ ಕ್ಯಾಂಬೆಲ್ ಮತ್ತು ಜೋನ್ಸ್ ಇದನ್ನು ಕಂಪ್ಯೂಟರಿಗೆ ಒಪ್ಪಿಸಿದರು. ಮೇಲ್ಮೈ ಬರಿದಾಗಿದ್ದಾಗ ಒಂದು ವೇಗ, ಲೋಹದ ತೆಳು ಹಾಳೆ ಹೊದೆಸಿದಾಗ ಇನ್ನೊಂದು. ಎರಡರ ವ್ಯತ್ಯಾಸವೇ ಹರಳಿನ ವಿದ್ಯುತ್ ನಂಟಿನ ಅಳತೆ. ಇವತ್ತಿಗೂ ಬಳಕೆಯಲ್ಲಿರುವ 128 ಡಿಗ್ರಿ ಕೊಯ್ತ ಜಪಾನಿನ ಶಿಬಾಯಾಮಾ ಮತ್ತು ಸಂಗಡಿಗರು 1976ರಲ್ಲಿ ಇಂಥ ಹುಡುಕಾಟದಿಂದಲೇ ಕಂಡುಕೊಂಡದ್ದು.

ಇಷ್ಟೆಲ್ಲ ಪಾಡುಪಟ್ಟ ಮೇಲೆ ಫಿಲ್ಟರ್ ವಿನ್ಯಾಸಕಾರ ಅದರಿಂದ ತೆಗೆದುಕೊಳ್ಳುವುದು ಎರಡೇ ಸಂಖ್ಯೆ: ವೇಗ ಮತ್ತು ನಂಟು. ಉಳಿದ ಹರಳನ್ನೆಲ್ಲ ಮರೆತುಬಿಡುತ್ತಾನೆ. ಟ್ಯಾಂಕ್ರೆಲ್ ಮತ್ತು ಹಾಲೆಂಡ್ 1971ರಲ್ಲಿ ಪ್ರಸಿದ್ಧಪಡಿಸಿದ 'ಡೆಲ್ಟಾ' ಮಾದರಿಯಲ್ಲಿ ಬಾಚಣಿಗೆಯ ಒಂದೊಂದು ಹಲ್ಲೂ ಒಂದು ಚುಕ್ಕಿ. ಚುಕ್ಕಿಗೊಂದು ಸ್ಥಾನ, ಒಂದು ತೂಕ. ಹಲ್ಲುಗಳು ಪರಸ್ಪರ ಎಷ್ಟು ಉದ್ದಕ್ಕೆ ಎದುರಾಗುತ್ತವೋ ಅದೇ ತೂಕ. ಫಿಲ್ಟರಿನ ವರ್ತನೆ ಎಂದರೆ ಈ ಚುಕ್ಕಿಗಳ ಫೂರಿಯೆ ಮೊತ್ತ, ಅಂದರೆ ಗೌರಿಬಿದನೂರಿನ ಅದೇ ಲೆಕ್ಕ. ನೂರು ಜೋಡಿ ಹಲ್ಲಿದ್ದರೆ ಹಾದುಹೋಗುವ ಪಟ್ಟಿಯ ಅಗಲ ನಡು ಆವೃತ್ತಿಯ ಸುಮಾರು ನೂರನೇ ಒಂದು ಭಾಗ. ಹಲ್ಲುಗಳೆಲ್ಲ ಒಂದೇ ಉದ್ದವಾದರೆ ಪಟ್ಟಿಯ ಅಕ್ಕಪಕ್ಕ ಬೇಡದ ದಿಬ್ಬಗಳು ಏಳುತ್ತವೆ. ನಡುವೆ ಉದ್ದ, ತುದಿಗಳಲ್ಲಿ ಮೋಟು ಮಾಡಿದರೆ ಅವು ಅಡಗುತ್ತವೆ. ಹಳೆಯ ಫಿಲ್ಟರನ್ನು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿ: ಹಲ್ಲುಗಳ ತುದಿ ಉಬ್ಬಿ, ತಗ್ಗಿ, ಮತ್ತೆ ಚಿಕ್ಕದಾಗಿ ಉಬ್ಬುವ ಒಂದು ಗೆರೆ ಕಾಣುತ್ತದೆ. ಆ ಫಿಲ್ಟರಿಗೆ ಒಂದು ಏಟು ಕೊಟ್ಟರೆ ಹೊರಬರುವ ಸಂಕೇತದ ಚಿತ್ರವೇ ಅದು. ಪಠ್ಯಪುಸ್ತಕದ ಫೂರಿಯೆ ರೂಪಾಂತರವನ್ನು ಅಲ್ಯೂಮಿನಿಯಮ್ಮಿನಲ್ಲಿ ಬರೆದು ಹರಳಿಗೆ ಅಂಟಿಸಿದ ಹಾಗೆ. ಇಷ್ಟು ಬೆತ್ತಲಾಗಿ ತನ್ನ ಗಣಿತವನ್ನು ಮೈಮೇಲೆ ತೋರಿಸುವ ಎಲೆಕ್ಟ್ರಾನಿಕ್ ಬಿಡಿಭಾಗ ಇನ್ನೊಂದನ್ನು ನಾನು ಕಂಡಿಲ್ಲ.

ಈ ಸರಳ ಮಾದರಿಗೆ ಸಿಕ್ಕ ದೊಡ್ಡ ಕೆಲಸ ಟೆಲಿವಿಷನ್. 1982ರಲ್ಲಿ ನಮ್ಮಲ್ಲಿ ಬಣ್ಣದ ಪ್ರಸಾರ ಶುರುವಾಯಿತು. ಆಗಿನ ಟಿವಿಯ ಒಳಗೆ ಚಿತ್ರದ ವಾಹಕ 38.9 ಮೆಗಾಹರ್ಟ್ಸ್, ಧ್ವನಿಯದು 33.4, ಬಣ್ಣದ್ದು ಸುಮಾರು 34.5. ಪಕ್ಕದ ಚಾನೆಲಿನ ಧ್ವನಿ 40.4ರಲ್ಲಿ, ಇನ್ನೊಂದು ಪಕ್ಕದ ಚಿತ್ರ 31.9ರಲ್ಲಿ ನುಗ್ಗಲು ಕಾದಿರುತ್ತಿದ್ದವು. ಅಲ್ಲಿ ಆಳವಾದ ಹಳ್ಳ ತೋಡಬೇಕಿತ್ತು. ಚಿತ್ರದ ವಾಹಕವನ್ನು ಇಳಿಜಾರಿನ ಸರಿಯಾಗಿ ಅರ್ಧ ಎತ್ತರದಲ್ಲಿ ನಿಲ್ಲಿಸಬೇಕಿತ್ತು. ಇಷ್ಟಾದರೂ ಎಲ್ಲ ಆವೃತ್ತಿಗಳೂ ಒಂದೇ ಸಮನೆ ತಡವಾಗಬೇಕಿತ್ತು, ಇಲ್ಲವಾದರೆ ಅಂಚುಗಳು ಮಸುಕಾಗುತ್ತಿದ್ದವು. ಹಳೆಯ ಸೆಟ್ಟುಗಳಲ್ಲಿ ಇದನ್ನು ಸುರುಳಿಗಳಿಂದ ಮಾಡುತ್ತಿದ್ದರು. ಸುರುಳಿಯ ತಗಡಿನ ಡಬ್ಬಿಯೊಳಗೆ ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ಇಳಿಸಿ, ಫೆರೈಟ್ ತಿರುಳನ್ನು ಕಾಲು ಸುತ್ತು ತಿರುಗಿಸಿ, ಉಸಿರು ಬಿಗಿಹಿಡಿದು ಪರದೆ ನೋಡುತ್ತಿದ್ದ ಮೆಕ್ಯಾನಿಕ್ಕುಗಳನ್ನು ನಿಮ್ಮಲ್ಲಿ ಹಿರಿಯರು ಕಂಡಿರುತ್ತೀರಿ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು. ಐದು ಕಾಲಿನ ಸಾ ಫಿಲ್ಟರ್ ಬಂದ ಮೇಲೆ ತಿರುಗಿಸಲು ಏನೂ ಉಳಿಯಲಿಲ್ಲ. 36 ಮೆಗಾಹರ್ಟ್ಸ್‌ಗೆ ತರಂಗದೂರ 110 ಮೈಕ್ರೊಮೀಟರ್, ಹಲ್ಲಿನ ಅಗಲ ಅದರ ಕಾಲು ಭಾಗ. ತಲೆಗೂದಲಿನ ಒಂದು ಎಳೆಗಿಂತ ಸಣ್ಣ. ಒಮ್ಮೆ ಅಚ್ಚು ಸರಿಯಾದರೆ ಲಕ್ಷ ತುಂಡುಗಳೂ ಒಂದೇ ಥರ.

ಅದೇ ಟಿವಿಯಲ್ಲಿ ಕೈಬಿಟ್ಟದ್ದರ ಮೊದಲ ಬಿಲ್ಲೂ ಬಂತು. ಡೆಲ್ಟಾ ಮಾದರಿಯ ಪ್ರಕಾರ ಹಲ್ಲುಗಳು ಅಲೆಯನ್ನು ಬರೀ ಕೇಳಿಸಿಕೊಳ್ಳುತ್ತವೆ, ಮುಟ್ಟುವುದಿಲ್ಲ. ನಿಜದಲ್ಲಿ ಹಿಡಿಯುವ ಬಾಚಣಿಗೆ ತಾನೇ ಮತ್ತೆ ಅಲೆ ಎಬ್ಬಿಸುತ್ತದೆ. ಅದು ಹಿಂದಿರುಗಿ ಮೊದಲ ಬಾಚಣಿಗೆಗೆ ಬಡಿದು ಮತ್ತೆ ಬರುತ್ತದೆ. ಒಟ್ಟು ಮೂರು ಪಯಣ. ಬಾಚಣಿಗೆಗಳ ನಡುವೆ ಆರು ಮಿಲಿಮೀಟರ್ ಇದ್ದರೆ ಈ ಪ್ರತಿಧ್ವನಿ ಮೂರು ಮೈಕ್ರೊಸೆಕೆಂಡ್ ತಡವಾಗಿ ಬರುತ್ತದೆ. ಆ ಟಿವಿಯ ಪರದೆಯಲ್ಲಿ ಒಂದು ಗೆರೆ ಎಳೆಯಲು 52 ಮೈಕ್ರೊಸೆಕೆಂಡ್ ಬೇಕಿತ್ತು. ನಲವತ್ತು ಸೆಂಟಿಮೀಟರ್ ಅಗಲದ ಪರದೆಯಲ್ಲಿ ವಾರ್ತೆ ಓದುವವರ ಬಲಕ್ಕೆ ಎರಡು ಸೆಂಟಿಮೀಟರಿಗೂ ತುಸು ಆಚೆ ಅವರದೇ ಒಂದು ಮಸುಕು ನೆರಳು. ಇದಕ್ಕೆ ಮದ್ದು ವಿಚಿತ್ರವಾದದ್ದು: ಫಿಲ್ಟರನ್ನು ಬೇಕೆಂದೇ ಕೆಟ್ಟದಾಗಿ ಜೋಡಿಸುವುದು. ಸಂಕೇತದ ಬಹುಪಾಲು ನಷ್ಟವಾಗುತ್ತದೆ ನಿಜ, ಆದರೆ ಪ್ರತಿಧ್ವನಿ ಮೂರು ಸಲ ನಷ್ಟ ಅನುಭವಿಸಿ ಸಾಯುತ್ತದೆ. ಟಿವಿ ಬೋರ್ಡಿನಲ್ಲಿ ಸಾ ಫಿಲ್ಟರಿನ ಮುಂದೆ ಒಂದು ಒಂಟಿ ಟ್ರಾನ್ಸಿಸ್ಟರ್ ಕೂತಿರುತ್ತಿತ್ತಲ್ಲ, ಆ ನಷ್ಟ ತುಂಬಲಿಕ್ಕೇ ಅದು.

ಹಲ್ಲುಗಳು ಸರ್ಕ್ಯೂಟಿಗೆ ಹೇಗೆ ಭಾರವಾಗುತ್ತವೆಂದು ಹೇಳುವ ಸಮಾನ ಮಂಡಲದ ಮಾದರಿಗಳು 1969ರಷ್ಟು ಹಿಂದೆಯೇ ಬಂದಿದ್ದವು. ಅವುಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅದಕ್ಕಿಂತ ಸ್ವಾರಸ್ಯವಾದದ್ದು ಲೋಹದ ಪಟ್ಟಿಗಳಿಂದಲೇ ಆಗುವ ಪ್ರತಿಫಲನ. ಒಂದು ಪಟ್ಟಿ ಬಡಿದು ಹಿಂದಿರುಗಿಸುವುದು ಸಾಮಾನ್ಯವಾಗಿ ಅಲೆಯ ಸೇಕಡಾ ಒಂದೆರಡು ಪಾಲು, ಅಲಕ್ಷಿಸಬಹುದಾದಷ್ಟು. ಆದರೆ ಪಟ್ಟಿಗಳ ಅಂತರ ಸರಿಯಾಗಿ ಅರ್ಧ ತರಂಗದೂರವಾದರೆ ಆ ಒಂದೆರಡು ಪಾಲುಗಳೆಲ್ಲ ಹೆಜ್ಜೆ ಕೂಡಿಸಿ ಹಿಂದಿರುಗುತ್ತವೆ. ನೂರಾರು ಪಟ್ಟಿ ಸೇರಿದರೆ ಗೋಡೆಯೇ ಸರಿ. ಟಿವಿ ಕಾಲದವರು ಒಂದೊಂದು ಹಲ್ಲನ್ನೂ ಎರಡಾಗಿ ಸೀಳಿ ಈ ಪ್ರತಿಫಲನವನ್ನು ಕೊಂದರು. ಮೊಬೈಲ್ ಕಾಲದವರು ಅದನ್ನೇ ಸಾಕಿಕೊಂಡರು. ಬಾಚಣಿಗೆಯ ಎರಡೂ ಬದಿಗೆ ಇಂಥ ಗೋಡೆ ಕಟ್ಟಿ ಅಲೆಯನ್ನು ನಡುವೆ ಕೂಡಿಹಾಕಿದರೆ ಅದು ಅನುರಣಕವಾಗುತ್ತದೆ, ನಷ್ಟ ತೀರ ಕಡಿಮೆ.

ಇದನ್ನು ಲೆಕ್ಕ ಹಾಕಲು ಬಂದದ್ದು 'ಕಪ್ಲಿಂಗ್ ಆಫ್ ಮೋಡ್ಸ್', ಬಾಯಿಮಾತಿನಲ್ಲಿ 'ಕಾಮ್' ಮಾದರಿ. ಬಲಕ್ಕೆ ಹೋಗುವ ಒಂದು ಅಲೆ, ಎಡಕ್ಕೆ ಹೋಗುವ ಒಂದು ಅಲೆ. ದಾರಿಯುದ್ದಕ್ಕೂ ಒಂದು ಇನ್ನೊಂದಕ್ಕೆ ಸ್ವಲ್ಪ ಸ್ವಲ್ಪ ಕೊಡುತ್ತ, ವಿದ್ಯುತ್ತಿನಿಂದ ಸ್ವಲ್ಪ ಸ್ವಲ್ಪ ಪಡೆಯುತ್ತ ನಡೆಯುತ್ತವೆ. ಮೂರು ಅವಕಲ ಸಮೀಕರಣ, ಐದು ನಿಯತಾಂಕ: ವೇಗ, ಪ್ರತಿಫಲನ, ವಿದ್ಯುತ್ ನಂಟು, ನಷ್ಟ, ಧಾರಕತೆ. ಕಾಗದದ ಅರ್ಧ ಮಗ್ಗುಲಲ್ಲಿ ಬರೆದು ಮುಗಿಸಬಹುದು. ಹಲ್ಲು ಎಂಬುದೇ ಇದರಲ್ಲಿಲ್ಲ, ಅದು ಸರಾಸರಿಯಲ್ಲಿ ಕರಗಿಹೋಗಿದೆ. ನನ್ನನ್ನು ಕೇಳಿದರೆ ಈ ಕ್ಷೇತ್ರದ ಅತ್ಯಂತ ಸುಂದರ ಮಾದರಿ ಇದು. ಯಾಕೆಂದರೆ ಇದರ ಒಂದೊಂದು ನಿಯತಾಂಕಕ್ಕೂ ವಿನ್ಯಾಸಕಾರನ ಕೈಯಲ್ಲಿ ಒಂದೊಂದು ತಿರುಪು ಇದೆ: ಲೋಹವನ್ನು ದಪ್ಪ ಮಾಡಿದರೆ ಪ್ರತಿಫಲನ ಬದಲಾಗುತ್ತದೆ, ಕೊಯ್ತದ ಕೋನ ಬದಲಿಸಿದರೆ ನಂಟು.

ಈಗ ನಮ್ಮ ಬಡಾವಣೆಯ ಗಾಳಿಗೆ ಬನ್ನಿ. 2010ರ ಹರಾಜಿನಲ್ಲಿ ನಮ್ಮ ದೇಶ ಮೊಬೈಲ್ ಡೇಟಾ ಸೇವೆಗೆ ಕೊಟ್ಟ ತರಂಗಾಂತರಗಳಲ್ಲಿ 2300ರಿಂದ 2400 ಮೆಗಾಹರ್ಟ್ಸ್ ಒಂದು. ವೈಫೈ ಶುರುವಾಗುವುದು ಸರಿಯಾಗಿ 2400ರಿಂದ. ಅದರ ಮೊದಲ ಚಾನೆಲ್ ವಾಸ್ತವದಲ್ಲಿ ಎರಡು ಮೆಗಾಹರ್ಟ್ಸ್ ಆಚೆ. ಅದು ಮುಗಿಯುವ 2483.5ರಲ್ಲಿ, ಒಂದು ಗೆರೆಯಷ್ಟೂ ಜಾಗ ಬಿಡದೆ, ನಮ್ಮದೇ ನ್ಯಾವಿಕ್ ಉಪಗ್ರಹಗಳ ಎಸ್ ಬ್ಯಾಂಡ್ ಶುರುವಾಗಿ 2500ರವರೆಗೆ ಹೋಗುತ್ತದೆ. ಬ್ಯಾಲಾಳುವಿನ ಇಸ್ರೊ ಕೇಂದ್ರದಿಂದ ನೋಡಿಕೊಳ್ಳುವ ಆ ಉಪಗ್ರಹಗಳು 36 ಸಾವಿರ ಕಿಲೋಮೀಟರ್ ಎತ್ತರದಿಂದ ಕಳಿಸುವ ಸಂಕೇತ ನೆಲ ಮುಟ್ಟುವಾಗ ತೀರ ಕ್ಷೀಣ. ಮನೆಗೊಂದರಂತೆ ವೈಫೈ ಪೆಟ್ಟಿಗೆಗಳಿರುವ ಬ್ರೂಕ್‌ಫೀಲ್ಡಿನ ಹತ್ತು ಅಂತಸ್ತಿನ ಕಟ್ಟಡದಲ್ಲಿ ಅದನ್ನು ಹೆಕ್ಕಬೇಕಾದ ಫಿಲ್ಟರಿನ ಪಾಡು ಊಹಿಸಿ.

ಫೋನನ್ನೇ ಹಾಟ್‌ಸ್ಪಾಟ್ ಮಾಡಿದಾಗ ಇನ್ನೂ ಫಜೀತಿ. ಒಂದೇ ಅಂಗೈಯಗಲದಲ್ಲಿ 2400ರ ಈಚೆ ಕೇಳಬೇಕು, ಆಚೆ ಕೂಗಬೇಕು. ಇಲ್ಲಿ ಟಿವಿ ಕಾಲ ಕೈಬಿಟ್ಟಿದ್ದ ಒಂದು ವಿಷಯ ಎದ್ದು ಕೂರುತ್ತದೆ: ಬಿಸಿ. ಹರಳು ಬಿಸಿಯಾದಂತೆ ಹಿಗ್ಗುತ್ತದೆ, ಅಲೆ ನಿಧಾನವಾಗುತ್ತದೆ, ಪಟ್ಟಿ ಕೆಳಕ್ಕೆ ಜಾರುತ್ತದೆ. 128 ಡಿಗ್ರಿಯ ನಯೋಬೇಟಿನಲ್ಲಿ ಡಿಗ್ರಿಗೆ ದಶಲಕ್ಷದಲ್ಲಿ 75 ಪಾಲು. 36 ಮೆಗಾಹರ್ಟ್ಸ್‌ನ ಟಿವಿ ಫಿಲ್ಟರ್ ಮೂವತ್ತು ಡಿಗ್ರಿ ಬಿಸಿಯಾದರೂ ಜಾರಿದ್ದು 0.08 ಮೆಗಾಹರ್ಟ್ಸ್, ಯಾರಿಗೂ ಗೊತ್ತಾಗಲಿಲ್ಲ. ಫೋನಿನಲ್ಲಿ ಬಳಸುವ ಲಿಥಿಯಂ ಟ್ಯಾಂಟಲೇಟ್ ಇದಕ್ಕಿಂತ ಮೇಲು, ಸುಮಾರು 40 ಪಾಲು. ಆದರೂ 2400 ಮೆಗಾಹರ್ಟ್ಸ್‌ನಲ್ಲಿ ಅರವತ್ತು ಡಿಗ್ರಿ ಏರಿಳಿತಕ್ಕೆ ಲೆಕ್ಕ ಹಾಕಿ: 5.8 ಮೆಗಾಹರ್ಟ್ಸ್. ಇರುವ ಸಂದು ಎರಡು, ಜಾರುವುದು ಆರು. ಬಿಸಿಲಿಗೆ ಕಾರಿನ ಡ್ಯಾಶ್‌ಬೋರ್ಡಿನ ಮೇಲಿಟ್ಟ ಫೋನಿನ ಫಿಲ್ಟರ್ ತನ್ನ ಸರಹದ್ದು ಬಿಟ್ಟು ಹೋಗಿರುತ್ತದೆ.

ಮದ್ದು ಉಂಟು. ಬಿಸಿಯಾದಂತೆ ಗಡಸಾಗುವ ವಿಚಿತ್ರ ವಸ್ತು ಸಿಲಿಕಾ. ಅದನ್ನು ಹಲ್ಲುಗಳ ಮೇಲೆ ಹೊದೆಸಿದರೆ ಜಾರುವಿಕೆ ಬಹುಪಾಲು ನಿಲ್ಲುತ್ತದೆ. ಇಲ್ಲವೆ ಟ್ಯಾಂಟಲೇಟನ್ನು ಈರುಳ್ಳಿ ಪೊರೆಯಷ್ಟು ತೆಳುವಾಗಿಸಿ ಸಿಲಿಕಾ ಮತ್ತು ಸಿಲಿಕಾನಿನ ಮೇಲೆ ಕೂರಿಸಬಹುದು. ಹಾಗೆ ಮಾಡಿದ ಮೇಲೂ ಅಗಲದ ತೊಡಕು ಉಳಿಯುತ್ತದೆ: 2300ರಿಂದ 2400ರವರೆಗಿನ ನೂರು ಮೆಗಾಹರ್ಟ್ಸ್ ಅಗಲ ನಡು ಆವೃತ್ತಿಯ ಸೇಕಡಾ 4.3. ಅನುರಣಕಗಳನ್ನು ಏಣಿಯ ಮೆಟ್ಟಿಲಿನಂತೆ ಜೋಡಿಸಿ ಕಟ್ಟುವ ಫಿಲ್ಟರಿನ ಅಗಲವನ್ನು ನಿರ್ಧರಿಸುವುದು ಹರಳಿನ ವಿದ್ಯುತ್ ನಂಟು, ಮತ್ತು ಟ್ಯಾಂಟಲೇಟಿಗೆ ಇದು ಎಟುಕುವಷ್ಟರ ಅಂಚಿನಲ್ಲಿದೆ. ಫಿಲ್ಟರಿನಿಂದಲೇ ಆಗದ್ದನ್ನು ಫೋನು ಸರದಿಯಿಂದ ಪೂರೈಸುತ್ತದೆ: ನೀನು ಮಾತಾಡುವಾಗ ನಾನು ಸುಮ್ಮನಿರುತ್ತೇನೆ ಎಂದು.

ಪದರದ ಮೇಲೆ ಪದರ ಬಂದಾಗ ಕಾಮ್ ಮಾದರಿಯ ಐದು ಸಂಖ್ಯೆಗಳು ಸಾಲದಾದವು. ಅಲೆ ಕೆಳಕ್ಕೆ ಸೋರುತ್ತದೆ, ಪಕ್ಕಕ್ಕೆ ಬಾಗುತ್ತದೆ, ಬಾಚಣಿಗೆಯ ಬೆನ್ನೆಲುಬಿನ ಹತ್ತಿರ ಬೇರೆಯೇ ಅಲೆ ಹುಟ್ಟುತ್ತದೆ. ಹಾಗಾಗಿ ಫೈನೈಟ್ ಎಲಿಮೆಂಟ್ ವಿಧಾನ ಬಂತು: ಎಲ್ಲವನ್ನೂ ಚಿಕ್ಕ ಚಿಕ್ಕ ತುಂಡುಗಳಾಗಿ ಹೆಚ್ಚಿ, ಏನನ್ನೂ ಕೈಬಿಡದೆ ಲೆಕ್ಕ ಹಾಕುವುದು. ನೂರಾರು ಹಲ್ಲುಗಳ ಸಾಧನವನ್ನು ಹೀಗೆ ಹೆಚ್ಚಿದರೆ ಅಜ್ಞಾತಗಳು ಲಕ್ಷಗಳನ್ನು ದಾಟುತ್ತವೆ, ಅದನ್ನು ನೂರಾರು ಆವೃತ್ತಿಗಳಿಗೆ ಮತ್ತೆ ಮತ್ತೆ ಬಿಡಿಸಬೇಕು. 2016ರ ಸುಮಾರಿಗೆ ಕೊಸ್ಕೆಲಾ, ಪ್ಲೆಸ್ಕಿ ಮೊದಲಾದವರು ತೋರಿಸಿದ ಉಪಾಯ ನೋಡಿದರೆ ಮಗ್ಗಿ ಕಲಿತ ಮಗುವೂ ನಗುತ್ತದೆ. ಹಲ್ಲುಗಳೆಲ್ಲ ಒಂದೇ ಥರ ಇವೆಯಷ್ಟೆ. ಒಂದು ಹಲ್ಲನ್ನು ಬಿಡಿಸಿ, ಒಳಗಿನದ್ದನ್ನೆಲ್ಲ ಮರೆತು ಎರಡು ಅಂಚುಗಳನ್ನು ಮಾತ್ರ ಇಟ್ಟುಕೊಳ್ಳಿ. ಅಂಥ ಎರಡನ್ನು ಅಂಟಿಸಿ ನಡುವಿನ ಅಂಚನ್ನು ಮರೆಯಿರಿ. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಹತ್ತು ಸಲ ಅಂಟಿಸುವಷ್ಟರಲ್ಲಿ 1024 ಹಲ್ಲು ಸಿದ್ಧ. ಏನನ್ನೂ ಕೈಬಿಡಲಾರೆ ಎಂದು ಹೊರಟ ವಿಧಾನವೂ ಕೊನೆಗೆ ಉಳಿದುಕೊಂಡದ್ದು, ಯಾವುದನ್ನು ನಿರ್ಭಯವಾಗಿ ಮರೆಯಬಹುದು ಎಂದು ಗೊತ್ತಿದ್ದುದರಿಂದ.

ನಮ್ಮ ವೈಟ್‌ಫೀಲ್ಡ್ ಪ್ರದೇಶದಲ್ಲಿ ಈ ಕೆಲಸದ ಪಾಲು ಹೆಚ್ಚಾಗಿ ಲೆಕ್ಕದ್ದು. ಫೋನಿನ ರೇಡಿಯೊ ಭಾಗಗಳ ವಿನ್ಯಾಸ, ಅದಕ್ಕೆ ಬೇಕಾದ ಸಿಮ್ಯುಲೇಶನ್, ಪರೀಕ್ಷೆಯ ದತ್ತಾಂಶವನ್ನು ಮಾದರಿಗೆ ಹೊಂದಿಸುವುದು ಇಲ್ಲಿನ ಕಚೇರಿಗಳಲ್ಲಿ ನಡೆಯುತ್ತದೆ. ಮೈಕ್ರೊಮೀಟರಿನ ಗೆರೆ ಎಳೆಯಬಲ್ಲ ಸ್ವಚ್ಛ ಕೊಠಡಿ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರದಲ್ಲಿದೆ. ಈ ಲೆಕ್ಕದ ಕಚೇರಿಗಳಿಗೆ ಹೊಸದಾಗಿ ಸೇರುವ ತರುಣರ ಬಗ್ಗೆ ನನ್ನದೊಂದು ತಕರಾರಿದೆ. ಅವರು ಮೊದಲ ದಿನವೇ ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರ್ ತೆರೆಯುತ್ತಾರೆ, ಬಣ್ಣಬಣ್ಣದ ಚಿತ್ರ ಬರುತ್ತದೆ, ಪಟ್ಟಿಯ ನಡುವೆ ಒಂದು ಸಣ್ಣ ಹಲ್ಲುಮುರುಕು ಕಾಣುತ್ತದೆ. ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ತುಂಡುಗಳನ್ನು ಇನ್ನಷ್ಟು ಸಣ್ಣ ಮಾಡಿ ರಾತ್ರಿಯಿಡೀ ಓಡಿಸುತ್ತಾರೆ. ಬೆಳಗ್ಗೆ ಅದೇ ಮುರುಕು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಕಾಮ್ ಮಾದರಿಯಲ್ಲಿ ಒಂದು ಸಲ ಕೈಯಲ್ಲಿ ಲೆಕ್ಕ ಹಾಕಿದ್ದರೆ, ಆ ಮುರುಕು ಉದ್ದಕ್ಕೆ ಕೂಡಿಹಾಕಿದ ಅಲೆಯದಲ್ಲ, ಆದ್ದರಿಂದ ಅಡ್ಡಕ್ಕೆ ಹರಿದಾಡುವುದರದ್ದಿರಬೇಕು ಎಂದು ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು. ಆಮೇಲೆ ಬೆನ್ನೆಲುಬಿನ ಪಕ್ಕದ ಹಲ್ಲಿನ ತುದಿಯನ್ನು ತುಸು ಅಗಲ ಮಾಡಿ ಅಲೆಯನ್ನು ಅಲ್ಲಿ ನಿಧಾನಿಸಿದರೆ ಮುರುಕು ಮಾಯ. ಸಣ್ಣ ಮಾದರಿಗೆ ಗೊತ್ತಿಲ್ಲದ್ದು ಯಾವುದು ಎಂಬುದೇ ಇಲ್ಲಿ ಸುಳಿವು ಕೊಟ್ಟದ್ದು.

ಇನ್ನೊಂದು ಕೈಬಿಟ್ಟ ವಿಷಯವನ್ನು ಹೇಳಿ ಮುಗಿಸುತ್ತೇನೆ. ಈವರೆಗಿನ ಎಲ್ಲ ಮಾದರಿಗಳೂ ರೇಖೀಯ: ಎರಡು ಪಟ್ಟು ಕೊಟ್ಟರೆ ಎರಡು ಪಟ್ಟು ಬರುತ್ತದೆ ಎಂದು ನಂಬಿದವು. ಫೋನು ಪ್ರಸಾರ ಮಾಡುವಾಗ ಒಂದು ವಾಟ್‌ನಷ್ಟು ಶಕ್ತಿ ಸಾಸಿವೆ ಕಾಳಿನಷ್ಟರ ಮೂಲಕ ಹಾದುಹೋಗಬಹುದು, ಅದೂ ಒಂದು ತರಂಗದೂರದಷ್ಟು ಆಳದ ಪದರದಲ್ಲೇ. ಆಗ ಹರಳಿನ ಗಡಸುತನವೇ ಅಲೆಯ ಎತ್ತರಕ್ಕೆ ತಕ್ಕಂತೆ ಬದಲಾಗುತ್ತದೆ; ಎರಡು ಪಟ್ಟಿಗಳ ಸಂಕೇತ ಒಟ್ಟಿಗೆ ಹಾದರೆ ಯಾರೂ ಕಳಿಸದ ಮೂರನೆಯ ಆವೃತ್ತಿ ಹುಟ್ಟಿ ಕೇಳುವ ಪಟ್ಟಿಯೊಳಗೆ ಬೀಳುತ್ತದೆ. ಅದನ್ನು ಲೆಕ್ಕ ಹಾಕಲು ಹನ್ನೆರಡು ಸಂಖ್ಯೆ ಸಾಲವು. ಗಡಸುತನದ ಮುಂದಿನ ಕ್ರಮದ ಸಂಖ್ಯೆಗಳು ಬೇಕು. ಸದ್ಯಕ್ಕೆ ಅನೇಕರು ಮಾಡುವುದು ಕಾಮ್ ಸಮೀಕರಣಗಳಿಗೆ ಒಂದೆರಡು ಪದ ಸೇರಿಸಿ, ಸಾಧನವನ್ನು ಅಳೆದು, ಆ ಪದಗಳ ಬೆಲೆಯನ್ನು ಹೊಂದಿಸುವುದು. ಆರನೆಯ, ಏಳನೆಯ ನಿಯತಾಂಕ.